ಹಳೆಯ ಗಾಡಿಯ ರೇಡಿಯೇಟರ್ ಮುಚ್ಚಳ: ಎಷ್ಟು ಪೌಂಡಿನದು ಸರಿ?

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ಜೀಪುಗಳೂ ಹಳೆಯ ಟ್ರ್ಯಾಕ್ಟರುಗಳೂ ಇನ್ನೂ ದುಡಿಯುತ್ತಿವೆ. ರಾಗಿ ಒಕ್ಕಣೆಗೆ, ಈರುಳ್ಳಿ ಮೂಟೆ ಸಾಗಿಸುವುದಕ್ಕೆ, ತೋಟಕ್ಕೆ ಗೊಬ್ಬರ ಹೊಡೆಯುವುದಕ್ಕೆ ಅವೇ ಆಧಾರವಾಗಿರುವ ಮನೆಗಳಿವೆ. ಇಂತಹ ಗಾಡಿ ಬೇಸಗೆಯ ನಡುಹಗಲಿನಲ್ಲಿ ನೀರು ಕುದಿಸಿಕೊಂಡು ನಿಂತರೆ ಮೊದಲು ಎಲ್ಲರ ಕಣ್ಣು ಬೀಳುವುದು ರೇಡಿಯೇಟರಿನ ಮುಚ್ಚಳದ ಮೇಲೆ. ಅದರ ಬೆಲೆ ಕಡಿಮೆ. ಕೈಯಿಂದಲೇ ತಿರುಗಿಸಿ ಹಾಕಬಹುದು. ಆದಕಾರಣ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕುವ ರೂಢಿ ಬೆಳೆದಿದೆ. ಆ ಮುಚ್ಚಳದ ನೆತ್ತಿಯ ಮೇಲೆ ಒಂದು ಅಂಕಿಯನ್ನು ಒತ್ತಿರುತ್ತಾರೆ. ಅದನ್ನು ಓದಿ ಕೊಳ್ಳುವವರು ಕಡಿಮೆ. ಆ ಅಂಕಿ ತಪ್ಪಿದರೆ ರೇಡಿಯೇಟರಿನ ಬೆಸುಗೆ ಬಿಡಬಹುದು, ಹೋಸು ಪೈಪು ಒಡೆಯಬಹುದು, ಎಂಜಿನ್ನೇ ಹಿಡಿದುಕೊಳ್ಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹತ್ತಿರ ನಿಂತವರ ಮುಖ ಕೈ ಬೇಯಬಹುದು.

ಈ ಲೇಖನದಲ್ಲಿ ಆ ಅಂಕಿಯ ಅರ್ಥವೇನು, ನಮ್ಮ ಸೀಮೆಗೆ ಅದು ಹೇಗೆ ಅನ್ವಯಿಸುತ್ತದೆ, ಸರಿಯಾದ ಮುಚ್ಚಳವನ್ನು ಆರಿಸುವುದು ಹೇಗೆ ಎಂಬುದನ್ನು ವಿವರಿಸಿದೆ.

ಹಳೆಯ ಗಾಡಿ ಎಂದರೆ ಯಾವುದು?

೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕು ಕಚೇರಿಗಳಿಗೆ ಜೀಪುಗಳು ಬಂದವು. ಅನೇಕ ಹಳ್ಳಿಗಳ ಜನ ಮೋಟಾರು ಎಂಜಿನನ್ನು ಹತ್ತಿರ ನಿಂತು ಕಂಡದ್ದು ಅಂತಹ ಜೀಪಿನಲ್ಲಿಯೇ. ೧೯೬೦ರ ದಶಕದಲ್ಲಿ ಮದರಾಸಿನ ಟಾಫೆ ಕಾರ್ಖಾನೆಯ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳೂ ಬಿ-೨೭೫ ಟ್ರ್ಯಾಕ್ಟರುಗಳೂ ಹೊಲಕ್ಕಿಳಿದವು. ೧೯೭೦ರ ದಶಕದಲ್ಲಿ ಎಚ್.ಎಂ.ಟಿ. ಟ್ರ್ಯಾಕ್ಟರುಗಳು ಬಂದವು. ಅಂಬಾಸಿಡರ್ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಈ ಪೀಳಿಗೆಯ ಗಾಡಿಗಳ ರೇಡಿಯೇಟರುಗಳು ಬಹುಮಟ್ಟಿಗೆ ತಾಮ್ರ, ಹಿತ್ತಾಳೆಯವು. ಬೆಸುಗೆ ಹಾಕಿ ಕೂಡಿಸಿದವು. ಹಳೆಯ ಕಾಲದ ಎಂಜಿನುಗಳಿಗೆ ಸಾಮಾನ್ಯವಾಗಿ ೪ ಅಥವಾ ೭ ಪೌಂಡಿನ ಮುಚ್ಚಳ ಇರುತ್ತಿತ್ತು. ಆಮೇಲಿನ ಕಾಲದ ಕಾರುಗಳಿಗೆ ೧೩ ಪೌಂಡು, ೧೫ ಪೌಂಡು ಸಾಮಾನ್ಯವಾಯಿತು. ಇಂದು ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಈ ಎರಡನೆಯ ಬಗೆ. ತೊಂದರೆಯ ಮೂಲ ಇಲ್ಲಿದೆ.

ಮುಚ್ಚಳ ಮಾಡುವ ಕೆಲಸ

ಅಡಿಗೆಮನೆಯ ಪ್ರೆಷರ್ ಕುಕ್ಕರನ್ನು ನೆನೆದುಕೊಂಡರೆ ರೇಡಿಯೇಟರ್ ಮುಚ್ಚಳ ಅರ್ಥವಾಗುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಒಂದು ಮಟ್ಟಕ್ಕೆ ಕಾದು ಕುದಿಯತೊಡಗುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಅದಕ್ಕಿಂತ ಹೆಚ್ಚು ಬಿಸಿಯಾಗದೆ ಆವಿಯಾಗಿ ಹೋಗುತ್ತದೆ. ಕುಕ್ಕರಿನಲ್ಲಿ ಮುಚ್ಚಳ ಬಿಗಿದು ಮೇಲೆ ತೂಕವಿಟ್ಟಿರುವುದರಿಂದ ಆವಿ ಒಳಗೇ ಉಳಿದು ಒತ್ತುತ್ತದೆ. ಒತ್ತಡ ಹೆಚ್ಚಿದಂತೆ ನೀರು ಕುದಿಯಬೇಕಾದರೆ ಇನ್ನೂ ಹೆಚ್ಚು ಬಿಸಿ ಬೇಕಾಗುತ್ತದೆ. ಒತ್ತಡ ಮಿತಿ ಮೀರಿದಾಗ ತೂಕ ಮೇಲೆದ್ದು ಸೀಟಿ ಹೊಡೆಯುತ್ತದೆ.

ರೇಡಿಯೇಟರ್ ಮುಚ್ಚಳದಲ್ಲಿ ತೂಕದ ಬದಲು ಒಂದು ಸ್ಪ್ರಿಂಗು ಇರುತ್ತದೆ. ಅದರ ತುದಿಯ ರಬ್ಬರ್ ವಾಷರು ರೇಡಿಯೇಟರ್ ಕುತ್ತಿಗೆಯ ಒಳಗಿನ ಅಂಚಿನ ಮೇಲೆ ಕುಳಿತು ನೀರನ್ನು ತಡೆಯುತ್ತದೆ. ೭ ಪೌಂಡಿನ ಮುಚ್ಚಳವೆಂದರೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಚದರ ಅಂಗುಲಕ್ಕೆ ೭ ಪೌಂಡು ಹೆಚ್ಚಾದಾಗ ಸ್ಪ್ರಿಂಗು ಸೋತು ವಾಷರು ಮೇಲೇಳುತ್ತದೆ. ಹೆಚ್ಚಿನ ನೀರು ಪಕ್ಕದ ಸಣ್ಣ ಕೊಳವೆಯಿಂದ ಹೊರಕ್ಕೆ ಹೋಗುತ್ತದೆ. ಟೈರಿಗೆ ಗಾಳಿ ಹಾಕಿಸುವಾಗ ನಾವು ಹೇಳುವ ಪೌಂಡೂ ಇದೇ ಪೌಂಡು.

ಇದೇ ಮುಚ್ಚಳದ ನಡುವೆ ಇನ್ನೊಂದು ಪುಟ್ಟ ಕವಾಟವಿದೆ. ಎಂಜಿನ್ ಆರಿದಾಗ ಒಳಗಿನ ನೀರು ಕುಗ್ಗುತ್ತದೆ. ಆಗ ಈ ಕವಾಟ ಕೆಳಮುಖವಾಗಿ ತೆರೆದು ಹೊರಗಿನ ಗಾಳಿಯನ್ನೋ, ಪಕ್ಕದ ಡಬ್ಬಿಯ ನೀರನ್ನೋ ಒಳಕ್ಕೆ ಬಿಡುತ್ತದೆ. ಇದು ಕಚ್ಚಿಕೊಂಡಿದ್ದರೆ ಒಳಗೆ ಸೆಳೆತ ಹುಟ್ಟಿ ಮೇಲಿನ ಹೋಸು ಪೈಪು ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಬಾನೆಟ್ ಎತ್ತಿದಾಗ ಪೈಪು ಹೀಗೆ ಒಳಕ್ಕೆ ಹೋಗಿರುವುದು ಕಂಡರೆ ಮುಚ್ಚಳವನ್ನೂ ಡಬ್ಬಿಗೆ ಹೋಗುವ ಸಣ್ಣ ಕೊಳವೆಯನ್ನೂ ಮೊದಲು ಪರೀಕ್ಷಿಸಬೇಕು.

ನಮ್ಮ ಸೀಮೆಯಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ?

ನೀರು ೧೦೦ ಡಿಗ್ರಿ ಸೆಂಟಿಗ್ರೇಡಿಗೆ ಕುದಿಯುತ್ತದೆಂದು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಅದು ಸಮುದ್ರಮಟ್ಟದ ಮಾತು. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸುಮಾರು ೩೦೦ ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಮಟ್ಟ ಇಳಿಯುತ್ತದೆ. ಕಡೂರು ಸುಮಾರು ೭೬೦ ಮೀಟರ್ ಎತ್ತರದಲ್ಲಿದೆ. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಗಳ ಮೇಲೆ ಹತ್ತಿ ಹೋದರೆ ಸಿಗುವ ಕೆಮ್ಮಣ್ಣುಗುಂಡಿ ೧,೪೩೪ ಮೀಟರ್ ಎತ್ತರದಲ್ಲಿದೆ. ಬರಿಯ ನೀರು ತುಂಬಿದ ರೇಡಿಯೇಟರಿನಲ್ಲಿ ಅದು ಕುದಿಯುವ ಮಟ್ಟ ಹೀಗಿರುತ್ತದೆ:

ಒತ್ತಡವಿಲ್ಲದಿದ್ದರೆ: ಕಡೂರಿನಲ್ಲಿ ಸುಮಾರು ೯೭ ಡಿಗ್ರಿ, ಕೆಮ್ಮಣ್ಣುಗುಂಡಿಯಲ್ಲಿ ೯೫ ಡಿಗ್ರಿ.
೪ ಪೌಂಡಿನ ಮುಚ್ಚಳ: ಕಡೂರಿನಲ್ಲಿ ೧೦೫, ಕೆಮ್ಮಣ್ಣುಗುಂಡಿಯಲ್ಲಿ ೧೦೩.
೭ ಪೌಂಡಿನ ಮುಚ್ಚಳ: ಕಡೂರಿನಲ್ಲಿ ೧೦೯, ಕೆಮ್ಮಣ್ಣುಗುಂಡಿಯಲ್ಲಿ ೧೦೮.
೧೩ ಪೌಂಡಿನ ಮುಚ್ಚಳ: ಕಡೂರಿನಲ್ಲಿ ೧೧೭, ಕೆಮ್ಮಣ್ಣುಗುಂಡಿಯಲ್ಲಿ ೧೧೬.

ಈ ಅಂಕಿಗಳಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಮುಚ್ಚಳವಿಲ್ಲದೆ, ಇಲ್ಲವೆ ಸೋರುವ ಮುಚ್ಚಳದಿಂದ ಓಡಿಸುವುದು ನಮ್ಮ ಸೀಮೆಯಲ್ಲಿ ತಪ್ಪು. ಎಂಜಿನಿನ ನೀರು ಕೆಲಸದ ಹೊತ್ತಿನಲ್ಲಿ ೮೦ ಡಿಗ್ರಿಯ ಸುತ್ತಮುತ್ತ ಇರುತ್ತದೆ. ಕುದಿಯುವುದಕ್ಕೆ ಉಳಿಯುವ ಅಂತರ ಆಗ ೧೭ ಡಿಗ್ರಿ ಮಾತ್ರ. ಒಂದು ದೀರ್ಘ ಏರು, ಹಿಂದಿನಿಂದ ಬೀಸುವ ಬಿಸಿಗಾಳಿ, ತುಂಬಿದ ಟ್ರೇಲರು ಇವು ಕೂಡಿದರೆ ಆ ಅಂತರ ಮುಗಿದುಹೋಗುತ್ತದೆ.

ಎರಡನೆಯದು, ಘಟ್ಟ ಹತ್ತುವುದಕ್ಕಾಗಿ ಹೆಚ್ಚು ಪೌಂಡಿನ ಮುಚ್ಚಳ ಬೇಕೆಂಬ ನಂಬಿಕೆಗೆ ಆಧಾರವಿಲ್ಲ. ಕಡೂರಿನಿಂದ ಕೆಮ್ಮಣ್ಣುಗುಂಡಿಗೆ ಹತ್ತಿದಾಗ ನಾವು ಕಳೆದುಕೊಳ್ಳುವುದು ಎರಡು ಡಿಗ್ರಿ. ಒಂದು ಪೌಂಡಿಗೆ ಸುಮಾರು ಒಂದೂ ಮುಕ್ಕಾಲು ಡಿಗ್ರಿಯಂತೆ ಲೆಕ್ಕ ಹಾಕಿದರೆ ಅದು ಒಂದು ಪೌಂಡಿಗೆ ಸ್ವಲ್ಪ ಮೇಲೆ. ಇಷ್ಟಕ್ಕಾಗಿ ೭ರಿಂದ ೧೩ಕ್ಕೆ ಜಿಗಿಯುವುದು, ಕಾಲುವೆಗೆ ಒಂದು ಗೇಣು ನೀರು ಸಾಲದೆಂದು ಕೆರೆಯ ಏರಿಯನ್ನೇ ಕಡಿದಂತೆ.

ಹೆಚ್ಚು ಪೌಂಡು ಹಾಕಿದರೆ ಏನು ಕೆಡುತ್ತದೆ?

ರೇಡಿಯೇಟರಿನ ಮೇಲಿನ ತೊಟ್ಟಿಯ ಒಂದು ಮಗ್ಗುಲು ೧೬ ಅಂಗುಲ ಉದ್ದ, ೪ ಅಂಗುಲ ಅಗಲ ಇದೆ ಎಂದಿಟ್ಟುಕೊಳ್ಳಿ. ಅದು ೬೪ ಚದರ ಅಂಗುಲ. ೪ ಪೌಂಡಿನ ಒತ್ತಡದಲ್ಲಿ ಆ ತಗಡಿನ ಮೇಲೆ ಬೀಳುವ ಒಟ್ಟು ಬಲ ೨೫೬ ಪೌಂಡು, ಎಂದರೆ ಸುಮಾರು ೧೧೬ ಕಿಲೋ. ೭ ಪೌಂಡಿನಲ್ಲಿ ಅದು ೨೦೩ ಕಿಲೋ ಆಗುತ್ತದೆ. ೧೩ ಪೌಂಡಿನಲ್ಲಿ ೩೭೭ ಕಿಲೋ. ಒಂದು ಕ್ವಿಂಟಾಲು ರಾಗಿ ಹೊರುವುದಕ್ಕೆ ಮಾಡಿದ ತಟ್ಟಿಯ ಮೇಲೆ ಸುಮಾರು ನಾಲ್ಕು ಕ್ವಿಂಟಾಲು ಹೇರಿದಂತಾಯಿತು. ಹಲವು ವರ್ಷ ಅದುರಿ ಸವೆದ ಬೆಸುಗೆ ಇದನ್ನು ಎಷ್ಟು ದಿನ ತಾಳೀತು?

ರೇಡಿಯೇಟರನ್ನು ಹೊಸದಾಗಿ ಕಟ್ಟಿಸಿದ್ದೇವೆ, ಇನ್ನು ಹೆಚ್ಚು ಪೌಂಡು ಹಾಕಬಹುದು ಎನ್ನುವವರಿದ್ದಾರೆ. ಒತ್ತಡ ರೇಡಿಯೇಟರಿಗೆ ಮಾತ್ರ ಬೀಳುವುದಿಲ್ಲ. ಹೋಸು ಪೈಪುಗಳಿಗೆ, ವಾಟರ್ ಪಂಪಿನ ಸೀಲಿಗೆ, ಎಂಜಿನಿನ ಪಕ್ಕದ ತಗಡಿನ ಬಿರಡೆಗಳಿಗೆ ಒಂದೇ ಸಮನಾಗಿ ಬೀಳುತ್ತದೆ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರ ಶಕ್ತಿಯೇ ಇಡೀ ವ್ಯವಸ್ಥೆಯ ಶಕ್ತಿ.

ಇನ್ನೂ ಮುಖ್ಯವಾದ ಮಾತೊಂದಿದೆ. ಹೆಚ್ಚು ಪೌಂಡಿನ ಮುಚ್ಚಳ ಎಂಜಿನನ್ನು ತಂಪು ಮಾಡುವುದಿಲ್ಲ. ನೀರು ಕುದಿಯುವುದನ್ನು ಮುಂದೂಡುತ್ತದೆ ಅಷ್ಟೆ. ಬಿಸಿಯಾಗುವುದಕ್ಕೆ ಕಾರಣವಾದ ದೋಷ ಹಾಗೆಯೇ ಉಳಿಯುತ್ತದೆ. ಮೊದಲು ೧೦೫ ಡಿಗ್ರಿಗೆ ಆವಿ ಬಿಟ್ಟು ಎಚ್ಚರಿಸುತ್ತಿದ್ದ ಗಾಡಿ ಈಗ ೧೧೭ರವರೆಗೆ ಸದ್ದಿಲ್ಲದೆ ಬೇಯುತ್ತದೆ. ಆವಿ ಕಾಣುವ ಹೊತ್ತಿಗೆ ಹೆಡ್ ಗ್ಯಾಸ್ಕೆಟ್ಟು ಸುಟ್ಟಿರಬಹುದು, ಹೆಡ್ಡೇ ಸೊಟ್ಟಗಾಗಿರಬಹುದು.

ಕಡಿಮೆ ಪೌಂಡಿನದು ಹಾಕಿದರೆ? ನೀರು ಬೇಗ ಕುದಿದು ಹೊರಕ್ಕೆ ಹೋಗುತ್ತದೆ, ಮಟ್ಟ ಇಳಿಯುತ್ತದೆ. ಇದೂ ಹಾನಿಯೇ. ಆದರೆ ಇದು ಕಣ್ಣಿಗೆ ಕಾಣುತ್ತದೆ. ಚಾಲಕ ಗಾಡಿ ನಿಲ್ಲಿಸಬಹುದು.

ಸರಿಯಾದ ಅಂಕಿಯನ್ನು ಕಂಡುಹಿಡಿಯುವ ಬಗೆ

ಮೊದಲನೆಯದಾಗಿ, ಗಾಡಿಯ ಕೈಪಿಡಿಯನ್ನು ನೋಡಿ. ಕೈಪಿಡಿ ಕಳೆದುಹೋಗಿದ್ದರೆ ಅದೇ ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ ಮಾದರಿಯ ಹೆಸರನ್ನೂ ತಯಾರಾದ ವರ್ಷವನ್ನೂ ಹೇಳಿ ಕೇಳಿರಿ. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಒತ್ತಡದ ಮುಚ್ಚಳ ಬಂದಿರಬಹುದಾದ್ದರಿಂದ ವರ್ಷವನ್ನು ಹೇಳುವುದು ಅಗತ್ಯ.

ಎರಡನೆಯದಾಗಿ, ಹಳೆಯ ಮುಚ್ಚಳದ ಮೇಲಿನ ಅಂಕಿಯನ್ನು ಓದಿರಿ. ಆದರೆ ಅದೊಂದನ್ನೇ ನಂಬಬಾರದು. ಗಾಡಿ ಮೂರು ನಾಲ್ಕು ಕೈ ದಾಟಿ ಬಂದಿದ್ದರೆ ಹಿಂದಿನವರೇ ತಪ್ಪು ಮುಚ್ಚಳ ಹಾಕಿರಬಹುದು.

ಮೂರನೆಯದಾಗಿ, ಅಂಕಿಯನ್ನು ಓದುವಾಗ ಮಾನವನ್ನು ಗಮನಿಸಿ. ಕೆಲವು ಮುಚ್ಚಳಗಳ ಮೇಲೆ ಪೌಂಡಿನಲ್ಲಿ, ಕೆಲವುಗಳ ಮೇಲೆ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಅಥವಾ ಬಾರ್ ಎಂಬ ಲೆಕ್ಕದಲ್ಲಿ, ಇನ್ನು ಕೆಲವುಗಳ ಮೇಲೆ ಕಿಲೋಪಾಸ್ಕಲ್ಲಿನಲ್ಲಿ ಬರೆದಿರುತ್ತದೆ. ಹೊಂದಾಣಿಕೆ ಹೀಗಿದೆ:

೪ ಪೌಂಡು ಎಂದರೆ ಸುಮಾರು ೦.೩, ಇಲ್ಲವೆ ೨೮ ಕಿಲೋಪಾಸ್ಕಲ್.
೭ ಪೌಂಡು ಎಂದರೆ ಸುಮಾರು ೦.೫, ಇಲ್ಲವೆ ೪೮ ಕಿಲೋಪಾಸ್ಕಲ್.
೧೩ ಪೌಂಡು ಎಂದರೆ ಸುಮಾರು ೦.೯, ಇಲ್ಲವೆ ೯೦ ಕಿಲೋಪಾಸ್ಕಲ್.

"೦.೯" ಎಂದು ಬರೆದಿರುವುದನ್ನು ನೋಡಿ ಒಂದು ಪೌಂಡಿಗಿಂತಲೂ ಕಡಿಮೆ, ಆದ್ದರಿಂದ ಅಪಾಯವಿಲ್ಲ ಎಂದು ತಿಳಿದು ೪ ಪೌಂಡಿನ ಜೀಪಿಗೆ ಹಾಕಿದರೆ ಹಾಕಿದ್ದು ೧೩ ಪೌಂಡು!

ನಾಲ್ಕನೆಯದಾಗಿ, ಎಂಜಿನ್ ಬದಲಾಗಿದೆಯೇ ಎಂದು ವಿಚಾರಿಸಿ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳಿವೆ. ಅಂತಹ ಗಾಡಿಯಲ್ಲಿ ಎಂಜಿನ್ ಒಂದು ಕಾಲದ್ದು, ರೇಡಿಯೇಟರ್ ಇನ್ನೊಂದು ಕಾಲದ್ದು. ಎರಡಕ್ಕೂ ಹೇಳಿರುವ ಅಂಕಿಗಳಲ್ಲಿ ಚಿಕ್ಕದನ್ನೇ ಆರಿಸಬೇಕು. ಅಷ್ಟರಲ್ಲಿ ಎಂಜಿನ್ ತಂಪಾಗಿರದಿದ್ದರೆ ರೇಡಿಯೇಟರು ಆ ಎಂಜಿನಿಗೆ ಸಾಲದೆಂದು ಅರ್ಥ, ಬದಲಾಯಿಸಬೇಕಾದದ್ದು ರೇಡಿಯೇಟರನ್ನು.

ಐದನೆಯದಾಗಿ, ಯಾವ ಅಂಕಿಯೂ ಖಚಿತವಾಗದಿದ್ದರೆ ಕಡಿಮೆ ಒತ್ತಡದಿಂದ ಆರಂಭಿಸಿ. ೪ ಪೌಂಡಿನ ಮುಚ್ಚಳ ಹಾಕಿ, ಹತ್ತಿರದ ದಾರಿಯಲ್ಲಿ ಹಗುರ ಹೇರಿನೊಂದಿಗೆ ಓಡಿಸಿ, ನೀರಿನ ಮಟ್ಟವನ್ನೂ ಉಷ್ಣಮಾಪಕದ ಮುಳ್ಳನ್ನೂ ಗಮನಿಸಿರಿ. ಬಹಳ ಹಳೆಯ ಕೆಲವು ಎಂಜಿನುಗಳು ಒತ್ತಡವೇ ಇಲ್ಲದೆ ಕೆಲಸ ಮಾಡುವಂಥವು. ಅವುಗಳಿಗೆ ಸ್ಪ್ರಿಂಗಿನ ಮುಚ್ಚಳವನ್ನು ಹಾಕಲೇಬಾರದು.

ಆಳವನ್ನೂ ಅಳೆಯಿರಿ

ಪೌಂಡು ಸರಿಯಿದ್ದರೆ ಸಾಲದು. ರೇಡಿಯೇಟರಿನ ಕುತ್ತಿಗೆಯ ಮೇಲಂಚಿನಿಂದ ಒಳಗಿನ ವಾಷರು ಕೂರುವ ಅಂಚಿನವರೆಗೆ ಒಂದು ಆಳವಿದೆ. ಹಳೆಯ ಗಾಡಿಗಳಲ್ಲಿ ಇದು ಕೆಲವಕ್ಕೆ ಸುಮಾರು ಮುಕ್ಕಾಲು ಅಂಗುಲ, ಕೆಲವಕ್ಕೆ ಒಂದು ಅಂಗುಲ. ಒಂದು ಅಂಗುಲದ ಕುತ್ತಿಗೆಗೆ ಮುಕ್ಕಾಲು ಅಂಗುಲದ ಮುಚ್ಚಳ ಹಾಕಿದರೆ ವಾಷರು ಅಂಚನ್ನು ಮುಟ್ಟುವುದೇ ಇಲ್ಲ. ಮುಚ್ಚಳ ಬಿಗಿಯಾಗಿಯೇ ಕಾಣುತ್ತದೆ, ಒಳಗೆ ಒತ್ತಡ ನಿಲ್ಲುವುದಿಲ್ಲ. ಮುಕ್ಕಾಲು ಅಂಗುಲದ ಕುತ್ತಿಗೆಗೆ ಉದ್ದದ ಮುಚ್ಚಳವನ್ನು ಬಲವಂತವಾಗಿ ತಿರುಗಿಸಿದರೆ ಸ್ಪ್ರಿಂಗು ಅದುಮಿಕೊಂಡು ಹೇಳಿದ ಪೌಂಡಿಗಿಂತ ಹೆಚ್ಚು ಒತ್ತಡಕ್ಕೆ ತೆರೆಯುತ್ತದೆ. ಒಂದು ಕಡ್ಡಿಯನ್ನು ಇಳಿಬಿಟ್ಟು ಆಳವನ್ನು ಗುರುತು ಮಾಡಿಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ಹಳೆಯ ಮುಚ್ಚಳವನ್ನೂ ಜೊತೆಗೆ ಒಯ್ಯಿರಿ.

ಮುಚ್ಚಳವನ್ನು ಪರೀಕ್ಷಿಸುವುದು

ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿರಿ. ರಬ್ಬರು ಬಿರುಕು ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ, ಆಳವಾದ ಗುಂಡು ಗೆರೆ ಬಿದ್ದಿದ್ದರೆ ಮುಚ್ಚಳ ಮುಗಿದಿದೆ. ಸ್ಪ್ರಿಂಗು ತುಕ್ಕು ಹಿಡಿದಿರಬಾರದು. ಅಂಗೈಯಲ್ಲಿ ಒತ್ತಿದರೆ ಮತ್ತೆ ಚಿಮ್ಮಬೇಕು. ನಡುವಿನ ಪುಟ್ಟ ಕವಾಟವನ್ನು ಉಗುರಿನಿಂದ ಮೆಲ್ಲಗೆ ಎಳೆದು ಬಿಟ್ಟರೆ ತಾನಾಗಿ ಸ್ವಸ್ಥಾನಕ್ಕೆ ಬರಬೇಕು. ಕುತ್ತಿಗೆಯ ಒಳಗಿನ ಅಂಚನ್ನು ಬಟ್ಟೆಯಿಂದ ಒರೆಸಿ, ತಗ್ಗುಗಳಿವೆಯೇ ಎಂದು ಬೆರಳಾಡಿಸಿ ನೋಡಿ. ಮುಚ್ಚಳ ಎಷ್ಟು ಪೌಂಡಿಗೆ ತೆರೆಯುತ್ತದೆ ಎಂಬುದನ್ನು ಕೈಪಂಪಿನ ಮಾಪಕದಿಂದ ಅಳೆಯಬಹುದು. ದೊಡ್ಡ ವರ್ಕ್‌ಷಾಪುಗಳಲ್ಲಿ ಈ ಮಾಪಕವಿರುತ್ತದೆ. ಹೊಸ ಮುಚ್ಚಳವನ್ನೂ ಒಮ್ಮೆ ಅಳೆಸಿ ಹಾಕಿದರೆ ನಿಶ್ಚಿಂತೆ.

ಪಕ್ಕದ ಡಬ್ಬಿಯಿಲ್ಲದ ಹಳೆಯ ರೇಡಿಯೇಟರನ್ನು ಕಂಠಮಟ್ಟ ತುಂಬಬೇಡಿ. ಹತ್ತು ಲೀಟರ್ ನೀರು ಕಾದು ಕೆಲಸದ ಬಿಸಿಗೆ ಬಂದಾಗ ಸುಮಾರು ಇನ್ನೂರೈವತ್ತು ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಮೇಲೆ ಒಂದು ಅಂಗುಲ ಖಾಲಿ ಬಿಡದಿದ್ದರೆ ಆ ನೀರು ಹೊರಕ್ಕೆ ಚೆಲ್ಲುತ್ತದೆ. ಅದನ್ನು ಮುಚ್ಚಳದ ದೋಷವೆಂದು ತಿಳಿದು ಹೆಚ್ಚು ಪೌಂಡಿನದಕ್ಕೆ ಹೋಗುವುದುಂಟು.

ಮುಚ್ಚಳ ಸರಿಯಿದ್ದೂ ನೀರು ಕುದಿದರೆ

ಆಗ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಒಕ್ಕಣೆಯ ಕಾಲದಲ್ಲಿ ಕಣದ ಹೊಟ್ಟು, ಧೂಳು ರೇಡಿಯೇಟರಿನ ಜಾಲರಿಯಲ್ಲಿ ತುಂಬಿಕೊಳ್ಳುತ್ತದೆ. ಪ್ರತಿ ಸಂಜೆ ಎಂಜಿನ್ ಆರಿದ ಮೇಲೆ, ಎಂಜಿನ್ ಇರುವ ಕಡೆಯಿಂದ ಮುಂಭಾಗಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ. ಮುಂದಿನಿಂದ ಜೋರಾಗಿ ಹೊಡೆದರೆ ಹೊಟ್ಟು ಇನ್ನೂ ಒಳಕ್ಕೆ ಸೇರುತ್ತದೆ. ಫ್ಯಾನ್ ಬೆಲ್ಟು ಸಡಿಲವಾಗಿದೆಯೇ, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆಯೇ ಎಂದು ನೋಡಿಸಿ.

ಕೊಳವೆ ಬಾವಿಯ ಗಡಸು ನೀರು ಇನ್ನೊಂದು ಶತ್ರು. ಬಚ್ಚಲ ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಅದೇ ಪದರವನ್ನು ಕಟ್ಟುತ್ತದೆ. ಮಾಡಿನಿಂದ ಹಿಡಿದು ಸೋಸಿಟ್ಟ ಮಳೆಯ ನೀರು ಅಥವಾ ಬಟ್ಟಿ ಇಳಿಸಿದ ನೀರು ಉತ್ತಮ. ಕೂಲೆಂಟನ್ನು ಬೆರೆಸುವುದಾದರೆ ಕಂಪನಿ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಸ್ವಲ್ಪ ಏರಿಸುತ್ತದೆ. ಆದರೆ ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಅಮೃತಮಹಲ್ ದನಗಳಿಗೆ ಹೆಸರಾದ ಸೀಮೆ ನಮ್ಮದು. ಬದಲಾಯಿಸಿದ ಕೂಲೆಂಟನ್ನು ಕೊಟ್ಟಿಗೆಯ ಹತ್ತಿರ, ಕಟ್ಟೆಯ ನೀರಿಗೆ, ನಾಯಿ ಮಕ್ಕಳು ಸುಳಿಯುವ ಕಡೆ ಎಂದಿಗೂ ಚೆಲ್ಲಬಾರದು.

ರೇಡಿಯೇಟರಿನೊಳಗೆ ಬಿಡದೆ ಗುಳ್ಳೆ ಏಳುತ್ತಿದ್ದರೆ, ಎಂಜಿನಿನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ಟು ಹೋಗಿದೆಯೆಂದು ಸಂದೇಹಿಸಿ ಕೂಡಲೆ ಓಡಿಸುವುದನ್ನು ನಿಲ್ಲಿಸಿರಿ.

ಬಿಸಿಯಾದ ಮುಚ್ಚಳಕ್ಕೆ ಕೈ ಹಾಕಬೇಡಿ

ಸೀಟಿ ಇಳಿಯದ ಕುಕ್ಕರನ್ನು ಯಾವ ಗೃಹಿಣಿಯೂ ತೆರೆಯುವುದಿಲ್ಲ. ಆದರೆ ಆವಿ ಬಿಡುತ್ತಿರುವ ರೇಡಿಯೇಟರಿನ ಮೇಲೆ ಒದ್ದೆ ಗೋಣಿಚೀಲ ಹಾಕಿ ತಿರುಗಿಸುವ ಚಾಲಕರು ಇದ್ದಾರೆ. ಒಳಗಿನ ನೀರು ೧೦೯ ಡಿಗ್ರಿಯಲ್ಲಿದ್ದು ಮುಚ್ಚಳ ಸಡಿಲವಾದ ಕೂಡಲೆ ಅದರ ಒಂದು ಭಾಗ ಒಮ್ಮೆಗೇ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಹೆಚ್ಚು ಜಾಗ ಬೇಕು. ಆ ಆವಿ ಉಳಿದ ಕುದಿನೀರನ್ನೂ ಎತ್ತಿಕೊಂಡು ಮೇಲಕ್ಕೆ ಚಿಮ್ಮುತ್ತದೆ. ಬಗ್ಗಿ ನೋಡುತ್ತಿರುವವನ ಮುಖ, ಕಣ್ಣು ಅದಕ್ಕೆ ಎದುರಾಗಿಯೇ ಇರುತ್ತದೆ.

ಘಟ್ಟ ಹತ್ತಿ ನಿಂತಾಗ ನೀರು ಇನ್ನೂ ಕುದಿದಿರದಿದ್ದರೆ ಎಂಜಿನನ್ನು ಥಟ್ಟನೆ ನಿಲ್ಲಿಸದೆ ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಡಿ; ನಿಲ್ಲಿಸಿದರೆ ಫ್ಯಾನೂ ಪಂಪೂ ನಿಂತು ಕಬ್ಬಿಣದ ಬಿಸಿಯೆಲ್ಲ ನೀರಿಗೇರುತ್ತದೆ. ನೀರು ಸೋರಿಹೋಗಿದ್ದರೆ ಮಾತ್ರ ಕೂಡಲೆ ನಿಲ್ಲಿಸಬೇಕು. ಆಮೇಲೆ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಕಾಯಿರಿ. ಮೇಲಿನ ಹೋಸು ಪೈಪು ಮುಟ್ಟಲು ತಣ್ಣಗಾಗಿ, ಹಿಸುಕಿದರೆ ಮೆತ್ತಗಾಗುವವರೆಗೆ ಮುಚ್ಚಳವನ್ನು ಮುಟ್ಟಬೇಡಿ. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿಯಬಹುದು.

ಯಾರಿಗಾದರೂ ಸುಟ್ಟರೆ ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣನೆಯ ಶುದ್ಧ ನೀರನ್ನು ಹರಿಯಬಿಡಿ. ಬಳೆ, ಉಂಗುರ, ಗಡಿಯಾರಗಳನ್ನು ತೆಗೆಯಿರಿ. ಟೂತ್‌ಪೇಸ್ಟು, ಶಾಯಿ, ತುಪ್ಪ, ಅರಿಶಿನ ಯಾವುದನ್ನೂ ಹಚ್ಚಬಾರದು. ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ. ವಾಹನಕ್ಕಾಗಿ ೧೦೮ಕ್ಕೆ ಕರೆ ಮಾಡಿ. ಕಣ್ಣು, ಮುಖಕ್ಕೆ ತಗುಲಿದ್ದರೆ ಗಾಯ ಸಣ್ಣದೆಂದು ಕಂಡರೂ ವೈದ್ಯರಿಗೆ ತೋರಿಸಲೇಬೇಕು.

ನೆನಪಿಡಬೇಕಾದ ಮಾತುಗಳು

೧. ಕಂಪನಿ ಹೇಳಿದ ಪೌಂಡಿನ ಮುಚ್ಚಳವನ್ನೇ ಹಾಕಿ. ಸಂದೇಹವಿದ್ದರೆ ಕಡಿಮೆಯದು, ಹೆಚ್ಚಿನದಲ್ಲ.
೨. ಪೌಂಡಿನ ಜೊತೆಗೆ ಕುತ್ತಿಗೆಯ ಆಳವೂ ಹೊಂದಬೇಕು.
೩. ೦.೯ ಎಂದರೆ ೧೩ ಪೌಂಡು.
೪. ಮುಚ್ಚಳ ಬದಲಾಯಿಸಿದ್ದರಿಂದ ಎಂಜಿನ್ ತಂಪಾಗದು. ಬಿಸಿಯಾಗುವ ಕಾರಣವನ್ನು ಹುಡುಕಿ ಸರಿಪಡಿಸಿ.
೫. ಎಂಜಿನ್ ಆರುವ ಮುನ್ನ ಮುಚ್ಚಳಕ್ಕೆ ಕೈ ಹಾಕಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಗಾಡಿ ಇರುವ ಪ್ರತಿಯೊಂದು ಮನೆಯಲ್ಲಿಯೂ ಸರಿಯಾದ ಅಂಕಿಯನ್ನು ಬಣ್ಣದಿಂದ ರೇಡಿಯೇಟರಿನ ಮೇಲೆಯೇ ಬರೆದಿಡುವುದು ಒಳ್ಳೆಯ ಪದ್ಧತಿ. ನಾಳೆ ಗಾಡಿಯನ್ನು ಮಗನೋ, ಬಾಡಿಗೆಯ ಚಾಲಕನೋ ತೆಗೆದುಕೊಂಡು ಹೋದಾಗ, ಅಂಗಡಿಯವರು ಕೇಳುವ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇರುತ್ತದೆ.